ಬುಡದಲ್ಲಿ ಕತ್ತಲಿಲ್ಲದ ಸೊಡರು

ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆ, ಎಣ್ಣೆಯ ಪಾತ್ರೆಯು ತನ್ನ ನೆರಳನ್ನು ತಾನೇ ಕೆಳಗೆ ಚೆಲ್ಲುವುದನ್ನು ಕಂಡವರ ಬಾಯಿಂದ ಬಂದಿರಬೇಕು. ಪುರಾತನ ರೋಮನರಿಗೂ ಈ ಅನುಭವ ಹೊಸದಲ್ಲ. ಆಲಿವ್ ಎಣ್ಣೆಯೆರೆದ ಮಣ್ಣಿನ ಸೊಡರುಗಳನ್ನೇ ಅವರು ಶತಮಾನಗಳ ಕಾಲ ಉರಿಸಿದರು. ಕ್ರಿಸ್ತಶಕ 4ನೆಯ ಶತಮಾನದಿಂದೀಚೆಗೆ ಅವರ ಚಕ್ರಾಧಿಪತ್ಯದ ಪೂರ್ವಪ್ರಾಂತಗಳಲ್ಲಿ ವಿಶೇಷವಾಗಿ ಬಳಕೆಗೆ ಬಂದ ಗಾಜಿನ ಸೊಡರು ಮಾತ್ರ ಆ ಗಾದೆಯನ್ನು ಸುಳ್ಳುಮಾಡಿತು.

ಗಾಜಿನ ಪಾತ್ರೆ ಸಿರಿವಂತರ ಸೊತ್ತಾಗಿದ್ದ ಕಾಲವೊಂದಿತ್ತು. ಬೇಲಸ್ ನದೀಮುಖದ ಮರಳೂ ಈಜಿಪ್ಟಿನ ನಾಟ್ರನ್ ಎಂಬ ಕ್ಷಾರವೂ ಕುಲುಮೆಯಲ್ಲಿ ಕೂಡಿ ಹುಟ್ಟುತ್ತಿದ್ದ ಈ ವಸ್ತುವನ್ನು ಕೊಳವೆಯ ತುದಿಯಲ್ಲಿ ಹಿಡಿದು ಉಸಿರಿನಿಂದ ಉಬ್ಬಿಸುವ ವಿದ್ಯೆ ಕ್ರಿಸ್ತಪೂರ್ವ 1ನೆಯ ಶತಮಾನದಲ್ಲಿ ಸಿದ್ಧಿಸಿತು. ಅದರ ಅತಿ ಪ್ರಾಚೀನ ಕುರುಹುಗಳು ಜೆರೂಸಲೇಮಿನಲ್ಲಿ ದೊರೆತಿವೆ. ರೋಮಿನಲ್ಲಿ ಒಂದು ತಾಮ್ರದ ನಾಣ್ಯಕ್ಕೆ ಗಾಜಿನ ಬಟ್ಟಲು ಸಿಕ್ಕುತ್ತಿತ್ತೆಂದು ಭೂಗೋಳಕಾರ ಸ್ಟ್ರೇಬೋ ಬರೆದಿದ್ದಾನೆ. ಅಷ್ಟು ಅಗ್ಗವಾದ ಮೇಲೂ ಗಾಜು ದೀಪವಾಗಿ ಮನೆಮನೆಗೆ ಬರಲು ಮುನ್ನೂರು ವರ್ಷಗಳು ಹಿಡಿದುವೆಂಬುದು ನನಗೆ ಸೋಜಿಗ.

ಗಾಜಿನ ದೀಪವೆಂದೊಡನೆ ನಮ್ಮ ಲಾಂದ್ರವನ್ನು ನೆನೆಯಬಾರದು. ಲಾಂದ್ರದ ಗಾಜು ಗಾಳಿಗೆ ಅಡ್ಡ; ರೋಮನರದಾದರೋ ಎಣ್ಣೆಯ ಪಾತ್ರೆಯೇ. ಬಾಯಿ ಅಗಲವಾಗಿ ತಳ ಮೊನಚಾದ, ಹಲವು ವೇಳೆ ಹಸಿರುಛಾಯೆಯ ಮೈಮೇಲೆ ನೀಲಿಯ ಬೊಟ್ಟುಗಳನ್ನಿಟ್ಟ ಆ ಶಂಕುವಿನೊಳಗೆ ಕೆಳಗೆ ನೀರು, ನೀರಿನ ಮೇಲೆ ತೇಲುವ ಎಣ್ಣೆ, ಎಣ್ಣೆಯಲ್ಲಿ ಬತ್ತಿ. ಬತ್ತಿಯ ಕುಡಿಯಿಂದ ಹೊರಟ ಬೆಳಕು ಎಣ್ಣೆಯನ್ನೂ ನೀರನ್ನೂ ಗಾಜನ್ನೂ ಹಾದು ನೆಲಕ್ಕಿಳಿಯುವುದು, ಎಣ್ಣೆ ತೀರಿದಾಗ ಬತ್ತಿ ನೀರಿಗೆ ತಾಗಿ ತಾನಾಗಿ ನಂದುವುದು. ನಿಲ್ಲಲಾರದ ಈ ಪಾತ್ರೆ ಕುಡಿಯುವ ಬಟ್ಟಲೆಂದು ಬಗೆದವರೂ ಉಂಟು. ಮಿಷಿಗನ್ ವಿಶ್ವವಿದ್ಯಾನಿಲಯವು 1924ರಿಂದ 1935ರವರೆಗೆ ಅಗೆಯಿಸಿದ ಈಜಿಪ್ಟಿನ ಕರಾನಿಸ್ ಎಂಬ ಊರಿನ ಗಾಜನ್ನು ಪರಿಶೀಲಿಸಿದ ವಿದ್ವಾಂಸ ಡೊನಾಲ್ಡ್ ಹಾರ್ಡನ್, ಕೆಲವು ಶಂಕುಗಳೊಳಗೆ ಅಂಟಿಕೊಂಡಿದ್ದ ಜಿಡ್ಡನ್ನು ಕಂಡು ಇವು ದೀಪಗಳೇ ಎಂದರು. ಒಗೆದರೂ ಹೋಗದ ಎಣ್ಣೆಯ ಜಿಡ್ಡನ್ನು ಬಲ್ಲ ನಮ್ಮ ಗೃಹಿಣಿಯರು ಈ ಸಾಕ್ಷ್ಯವನ್ನು ತಳ್ಳಿಹಾಕಲಾರರು.

ನಿಲ್ಲದುದನ್ನು ತೂಗುಹಾಕಬೇಕಷ್ಟೆ. ರಂಧ್ರಗಳುಳ್ಳ ಲೋಹದ ತಟ್ಟೆಯೊಂದನ್ನು ಸರಪಣಿಗಳಿಂದ ಇಳಿಬಿಟ್ಟು, ಒಂದೊಂದು ರಂಧ್ರದಲ್ಲಿ ಒಂದೊಂದು ಗಾಜಿನ ಸೊಡರನ್ನು ಕೂರಿಸುವ ಪದ್ಧತಿ ಹೀಗೆ ಬೆಳೆಯಿತು. ಕಾನ್‌ಸ್ಟಾಂಟಿನೋಪಲಿನ ಹಗಿಯ ಸೋಫಿಯ ದೇವಾಲಯದ ಬೆಳ್ಳಿಯ ತೂಗುತಟ್ಟೆಗಳನ್ನು ಆಸ್ಥಾನದ ಅಧಿಕಾರಿಯೂ ಕವಿಯೂ ಆಗಿದ್ದ ಪೌಲನು 563ರ ಸುಮಾರಿಗೆ ವರ್ಣಿಸಿದ್ದಾನೆ. ಅಂಥ ವೈಭವವನ್ನರಿಯದ ಕರಾನಿಸಿನ ರೈತರ ಗಾಜಿನಲ್ಲಿ ದೊಡ್ಡದೊಂದು ಪಾಲು ಇಂದು ಅಮೆರಿಕದ ಆನ್ ಆರ್ಬರ್ ನಗರದ ಕೆಲ್ಸಿ ವಸ್ತುಸಂಗ್ರಹಾಲಯದಲ್ಲಿದೆ.