ಮೊದಲು ನೋಟ, ಆಮೇಲೆ ಲೆಕ್ಕ

ಶನಿಯ ಹೆಸರೆತ್ತಿದರೆ ಹಿರಿಯರು ದನಿ ತಗ್ಗಿಸುವ ಮನೆಗಳು ನಮ್ಮ ಬೆಂಗಳೂರಿನ ಬೀದಿಯಲ್ಲಿ ಇನ್ನೂ ಇವೆ. ಅದಕ್ಕೇ ಸುತ್ತಲಿನ ಮಕ್ಕಳು ತಾರಸಿಗೆ ಬಂದಾಗ, ಶನಿ ಕಾಣುವ ತಿಂಗಳಾದರೆ, ನಾನು ಟೆಲಿಸ್ಕೋಪನ್ನು ಮೊದಲು ತಿರುಗಿಸುವುದು ಅವನ ಕಡೆಗೇ. ಆರು ಇಂಚಿನ ಕನ್ನಡಿಯ ಸಾಧಾರಣ ಟೆಲಿಸ್ಕೋಪು. "ಅಂಕಲ್, ಒಳಗೆ ಚಿತ್ರ ಅಂಟಿಸಿದೀರಾ?" ಎಂದು ಕೇಳದ ಮಗು ಕಡಿಮೆ.

ಆ ಅನುಮಾನ ಹುಟ್ಟಿದ ಮೇಲೆಯೇ ನಾನು ಅಂಕಿ ಹೇಳುವುದು. ನೋಡುವ ಮೊದಲು ಹೇಳಿದರೆ ಮಕ್ಕಳಿಗೆ ಲಕ್ಷವೂ ಒಂದೇ, ಕೋಟಿಯೂ ಒಂದೇ. ನೋಡಿದ ಮೇಲೆ ಅವರೇ ಕೇಳುತ್ತಾರೆ, "ಎಷ್ಟು ದೊಡ್ಡದು?" ಶನಿಯ ಸುತ್ತ ಕಾಣುವ ಬಳೆಗಳ ಅಡ್ಡಗಲ ಸುಮಾರು 2,70,000 ಕಿಲೋಮೀಟರು, ಇಪ್ಪತ್ತೊಂದು ಭೂಮಿಗಳನ್ನು ಸಾಲಾಗಿ ಇಡಬಹುದು. ದಪ್ಪ ಮಾತ್ರ ಹೆಚ್ಚಿನ ಕಡೆ 10 ಮೀಟರಿನ ಆಸುಪಾಸು. ನೋಟ್‌ಬುಕ್ಕಿನ ಹಾಳೆ ಅದೇ ಪ್ರಮಾಣದಲ್ಲಿ ತೆಳುವಾಗಿರಬೇಕಾದರೆ ಅದರ ಅಗಲ ಎರಡೂವರೆ ಕಿಲೋಮೀಟರು ದಾಟಬೇಕು!

ಚಂದ್ರನನ್ನು ತೋರಿಸುವಾಗಲೂ ಹೀಗೆಯೇ, ಮೊದಲು ನೋಟ, ಆಮೇಲೆ ಅಂಕಿ. ಅವನ ದಕ್ಷಿಣದಲ್ಲಿ ಕ್ಲೇವಿಯಸ್ ಎಂಬ ಕುಳಿಯಿದೆ. ಅಗಲ ಸುಮಾರು 230 ಕಿಲೋಮೀಟರು. ಬೆಂಗಳೂರು, ಮೈಸೂರು ಎರಡೂ ಅದರೊಳಗೆ ಹಿಡಿಸಿ ಇನ್ನೂ ಜಾಗ ಮಿಗುತ್ತದೆ.

ಆದರೆ ಮಕ್ಕಳನ್ನು ನಿಜವಾಗಿ ಅಲುಗಿಸುವುದು ಬೆಳಕಿನ ವಯಸ್ಸು. ಚಂದ್ರನ ಬೆಳಕು ಕಣ್ಣು ಸೇರಲು 1.3 ಸೆಕೆಂಡು ಸಾಕು. ಶನಿಯದು ಒಂದು ಗಂಟೆಗೂ ಹಿಂದೆ, ಮಗು ಮನೆಯಲ್ಲಿ ಊಟಕ್ಕೆ ಕೂರುವ ಮೊದಲೇ ಹೊರಟದ್ದು. ಕೃತ್ತಿಕೆಯ ಬೆಳಕು ಹೊರಟು ಸುಮಾರು 440 ವರ್ಷ. ಆಗ 1565ರ ತಾಳಿಕೋಟೆ ಯುದ್ಧ ಮುಗಿದು ಇಪ್ಪತ್ತು ವರ್ಷವಾಗಿತ್ತು. ಗೆಲಿಲಿಯೊ 1609ರಲ್ಲಿ ಆಕಾಶಕ್ಕೆ ಟೆಲಿಸ್ಕೋಪು ಹಿಡಿಯಲು ಇನ್ನೂ ಎರಡು ದಶಕ ಬಾಕಿಯಿತ್ತು. ತನ್ನನ್ನು ಹಿಡಿಯುವ ಸಲಕರಣೆ ಭೂಮಿಯಲ್ಲಿ ಹುಟ್ಟುವ ಮೊದಲೇ ಪ್ರಯಾಣ ಶುರುಮಾಡಿದ ಬೆಳಕು ಅದು.

ಆಂಡ್ರೊಮಿಡಾ ಗೆಲಾಕ್ಸಿ ನಗರದ ದೀಪಗಳ ನಡುವೆ ಬರೀ ಮಸುಕು ಕಲೆ. "ಇಷ್ಟೇನಾ?" ಎನ್ನುತ್ತಾರೆ. ಆದರೂ ತೋರಿಸದೆ ಬಿಡುವುದಿಲ್ಲ. ಆ ಬೆಳಕಿನ ವಯಸ್ಸು 25 ಲಕ್ಷ ವರ್ಷ. ನಮ್ಮ ಮನುಷ್ಯ ಜಾತಿಯದು ಸುಮಾರು 3 ಲಕ್ಷ. ದಾರಿಯ ಎಂಟರಲ್ಲಿ ಏಳು ಪಾಲು ಸವೆದ ಮೇಲಷ್ಟೇ, ಅದನ್ನು ನೋಡಬಲ್ಲ ನಮ್ಮಂಥವರು ಇಲ್ಲಿ ಹುಟ್ಟಿದ್ದು. ಇದನ್ನು ಕೇಳಿದವರು ಮತ್ತೆ ಸಾಲಿನಲ್ಲಿ ನಿಲ್ಲುತ್ತಾರೆ. ಕಲೆ ಹಾಗೆಯೇ ಇದೆ, ಈ ಸಲ ಮಾತ್ರ ಯಾರೂ ಬೇಗ ಕಣ್ಣು ತೆಗೆಯುವುದಿಲ್ಲ.

ನನ್ನ ಟೆಲಿಸ್ಕೋಪಿಗೆ ಮೋಟಾರಿಲ್ಲ. ಅದೇ ಒಳ್ಳೆಯದು. ನೋಡನೋಡುತ್ತ ಶನಿ ಅಂಚಿಗೆ ಸರಿದು ಮಾಯವಾಗುತ್ತಾನೆ. "ಅಂಕಲ್, ಓಡಿಹೋದ!" ಓಡಿದ್ದು ಶನಿಯಲ್ಲ, ನಮ್ಮ ತಾರಸಿ. ಭೂಮಿಯ ಜೊತೆ ಅದು ಗಂಟೆಗೆ 1,600 ಕಿಲೋಮೀಟರು ವೇಗದಲ್ಲಿ ಪೂರ್ವಕ್ಕೆ ಸುತ್ತುತ್ತಿದೆ, ನಾವೆಲ್ಲ ಅದರ ಮೇಲೆ ನಿಂತಿದ್ದೇವೆ.