ತಿಳಿಯಾದ ನೀರೆಲ್ಲ ಶುದ್ಧವಲ್ಲ

ನಮ್ಮ ಸಮಾಜದ ಅನೇಕ ಮನೆತನಗಳ ಮಕ್ಕಳು ಇಂದು ಅಮೆರಿಕ, ಕೆನಡಾ ಮೊದಲಾದ ದೇಶಗಳಲ್ಲಿ ನೆಲೆ ನಿಂತಿದ್ದಾರೆ. ಮಗಳ ಬಾಣಂತನಕ್ಕೆಂದೋ, ಮೊಮ್ಮಕ್ಕಳ ಜೋಪಾನಕ್ಕೆಂದೋ ಇಲ್ಲಿಯ ಹಿರಿಯರು ನಾಲ್ಕಾರು ತಿಂಗಳು ಅಲ್ಲಿದ್ದು ಬರುವುದು ವಾಡಿಕೆಯಾಗಿದೆ. ಅಲ್ಲಿಯ ಕೆಲವು ಮನೆಗಳ ಹಿತ್ತಿಲಲ್ಲಿ 'ಹಾಟ್ ಟಬ್' ಎಂಬ ಬಿಸಿನೀರಿನ ತೊಟ್ಟಿ ಇರುತ್ತದೆ. ನಾಲ್ಕೈದು ಜನ ಒಟ್ಟಿಗೆ ಕುಳಿತುಕೊಳ್ಳಬಹುದಾದ, ಒಳಗಿನಿಂದ ನೀರೂ ಗಾಳಿಯೂ ರಭಸದಿಂದ ಚಿಮ್ಮುವ ಈ ತೊಟ್ಟಿ ದಣಿದ ಮೈಗೆ ಹಿತವೆನಿಸುವುದು ನಿಜ. ನಮ್ಮ ನಾಡಿನ ಕೆಲವು ರೆಸಾರ್ಟುಗಳಲ್ಲಿಯೂ ಇದು ಕಾಣಿಸಿಕೊಂಡಿದೆ. ಆದರೆ ಇದರ ನೀರನ್ನು ಕಾಪಾಡುವ ಕ್ರಮವನ್ನೂ, ಅದಕ್ಕೆ ಬೆರೆಸುವ ರಾಸಾಯನಿಕಗಳನ್ನು ಬಳಸುವ ಕ್ರಮವನ್ನೂ ಅರಿಯದೆ ಅದರಲ್ಲಿ ಇಳಿಯುವುದು ಕ್ಷೇಮಕರವಲ್ಲವೆಂಬುದನ್ನು ಓದುಗರ ಗಮನಕ್ಕೆ ತರಬಯಸುತ್ತೇವೆ.

ಹಂಡೆಯ ನೀರು, ತೊಟ್ಟಿಯ ನೀರು

ನಮ್ಮ ಬಚ್ಚಲ ಹಂಡೆಯ ನೀರು ಒಮ್ಮೆ ಮೈಮೇಲೆ ಬಿದ್ದರೆ ಮೋರಿ ಸೇರುತ್ತದೆ. ಹಾಟ್ ಟಬ್ಬಿನ ನೀರು ಹಾಗಲ್ಲ. ಸಾವಿರದಿಂದ ಎರಡು ಸಾವಿರ ಲೀಟರಿನಷ್ಟಿರುವ ಆ ನೀರನ್ನೇ ಸೋಸಿ, ಕಾಯಿಸಿ, ವಾರಗಟ್ಟಲೆ ಮರಳಿ ಮರಳಿ ಬಳಸುತ್ತಾರೆ. ಇಳಿದವರ ಬೆವರು, ಎಣ್ಣೆ, ಚರ್ಮದ ಕೊಳೆ ಎಲ್ಲವೂ ಅದರಲ್ಲಿಯೇ ಉಳಿಯುತ್ತವೆ.

ಬಿಸಿನೀರಿನಲ್ಲಿ ಕ್ರಿಮಿಗಳು ಬದುಕಲಾರವೆಂಬ ನಂಬಿಕೆ ಇಲ್ಲಿ ಸಲ್ಲದು. ಹಾಟ್ ಟಬ್ಬಿನ ನೀರು ೪೦ ಡಿಗ್ರಿ ಸೆಲ್ಸಿಯಸ್ ಮೀರಬಾರದೆಂಬುದು ನಿಯಮ. ಅಷ್ಟು ಶಾಖಕ್ಕೆ ಕ್ರಿಮಿಗಳು ಸಾಯುವುದಿಲ್ಲ, ಹೆಚ್ಚುತ್ತವೆ. ಹಾಲಿಗೆ ಹೆಪ್ಪು ಹಾಕುವ ಗೃಹಿಣಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕುದಿಯುವ ಹಾಲಿನಲ್ಲಿ ಹೆಪ್ಪು ನಿಲ್ಲದು. ಉಗುರುಬೆಚ್ಚಗಿನ ಹಾಲಿನಲ್ಲಿ ಬೇಗನೆ ಹರಡುತ್ತದೆ.

ಹೀಗೆ ಬೆಳೆಯುವ ಕ್ರಿಮಿಗಳಲ್ಲಿ 'ಲೀಜಿಯೊನೆಲ್ಲ' ಅತ್ಯಂತ ಅಪಾಯಕಾರಿ. ೧೯೭೬ರಲ್ಲಿ ಅಮೆರಿಕದ ಫಿಲಡೆಲ್ಫಿಯದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರು ನ್ಯುಮೋನಿಯಕ್ಕೆ ಗುರಿಯಾದಾಗ ಅದರ ಶೋಧ ಆರಂಭವಾಯಿತು. ೧೯೭೭ರಲ್ಲಿ ವಿಜ್ಞಾನಿಗಳು ಅದನ್ನು ಗುರುತಿಸಿದರು. ಈ ಕ್ರಿಮಿ ಗಾಳಿಯಲ್ಲಿ ತೇಲುವ ನೀರಿನ ಸಣ್ಣ ಹನಿಗಳ ಮೂಲಕ ಶ್ವಾಸಕೋಶವನ್ನು ಹೊಗುತ್ತದೆ. ೧೯೯೯ರಲ್ಲಿ ನೆದರ್ಲೆಂಡ್ಸಿನ ಬೋವನ್‌ಕಾರ್‌ಸ್ಪೆಲ್ ಎಂಬಲ್ಲಿಯ ಪುಷ್ಪಪ್ರದರ್ಶನದಲ್ಲಿ ಇಂಥ ಬಿಸಿನೀರಿನ ತೊಟ್ಟಿಯನ್ನು ಕೇವಲ ನೋಟಕ್ಕಾಗಿ ಇಟ್ಟು ನಡೆಸಿದ್ದರು. ಅದರಿಂದೆದ್ದ ತುಂತುರನ್ನು ಉಸಿರಾಡಿ ನೂರಾರು ಜನ ಹಾಸಿಗೆ ಹಿಡಿದರು. ೩೦ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಐವತ್ತು ದಾಟಿದವರಿಗೆ, ಧೂಮಪಾನಿಗಳಿಗೆ, ಶ್ವಾಸಕೋಶದ ಕಾಯಿಲೆಯುಳ್ಳವರಿಗೆ ಈ ರೋಗದ ಭಯ ಹೆಚ್ಚು. ಮಕ್ಕಳ ಮನೆಗೆ ಹೋಗುವ ನಮ್ಮ ಹಿರಿಯರಲ್ಲಿ ಬಹುಪಾಲು ಜನ ಐವತ್ತು ದಾಟಿದವರೇ ಎಂಬುದನ್ನು ಮರೆಯಲಾಗದು.

ಅಳತೆಯೇ ರಕ್ಷೆ

ಈ ಕ್ರಿಮಿಗಳನ್ನು ತಡೆಯುವುದು ಕ್ಲೋರಿನ್ ಅಥವಾ ಬ್ರೋಮಿನ್. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸೂಚನೆಯಂತೆ, ಪ್ರತಿ ಲೀಟರ್ ನೀರಿನಲ್ಲಿ ಕನಿಷ್ಠ ೩ ಮಿಲಿಗ್ರಾಂ ಕ್ಲೋರಿನ್ ಅಥವಾ ೪ರಿಂದ ೮ ಮಿಲಿಗ್ರಾಂ ಬ್ರೋಮಿನ್ ಇರಬೇಕು. ಒಂದೂವರೆ ಸಾವಿರ ಲೀಟರ್ ನೀರಿಗೆ ಲೆಕ್ಕ ಹಾಕಿದರೆ ಕ್ಲೋರಿನ್ನಿನ ಪ್ರಮಾಣ ನಾಲ್ಕೂವರೆ ಗ್ರಾಂ ಮಾತ್ರ! ಆದುದರಿಂದ ಕಣ್ಣಳತೆಯಲ್ಲಿ ಬೊಗಸೆ ತುಂಬ ಸುರಿಯುವುದು ಸಲ್ಲದು. ಡಬ್ಬದ ಮೇಲೆ ಬರೆದಷ್ಟನ್ನೇ ಅಳೆದು ಹಾಕಬೇಕು. ಬಿಸಿಯಿಂದಲೂ ನೀರಿನ ಕುಲುಕಾಟದಿಂದಲೂ ಕ್ಲೋರಿನ್ ಬೇಗ ಕರಗಿಹೋಗುವುದರಿಂದ, ಇಳಿಯುವ ಮುನ್ನ ಪ್ರತಿಸಲವೂ ಪರೀಕ್ಷಾ ಪಟ್ಟಿಯನ್ನು ನೀರಿನಲ್ಲಿ ಅದ್ದಿ ಬಣ್ಣ ನೋಡುವುದು ಅಗತ್ಯ.

ನೀರಿನ ಆಮ್ಲ–ಕ್ಷಾರಗಳ ಸಮತೋಲವನ್ನು ತೋರಿಸುವ 'ಪಿಎಚ್' ೭.೦ರಿಂದ ೭.೮ರೊಳಗಿರಬೇಕು. ಅದು ಏರಿದರೆ, ಹಾಕಿದ ಕ್ಲೋರಿನ್ ಇದ್ದೂ ಇಲ್ಲದಂತಾಗುತ್ತದೆ. ಇನ್ನೊಂದು ಮಾತು: ಮೂಗಿಗೆ ಘಾಟು ಹೊಡೆದರೆ ಕ್ಲೋರಿನ್ ಹೆಚ್ಚಾಗಿದೆಯೆಂದು ಜನ ಭಾವಿಸುತ್ತಾರೆ. ಅನೇಕ ವೇಳೆ ನಿಜಸ್ಥಿತಿ ಇದಕ್ಕೆ ವಿರುದ್ಧ. ಬೆವರು, ಮೂತ್ರಗಳೊಡನೆ ಸೇರಿ ಕ್ಲೋರಿನ್ ಸವೆದುಹೋದಾಗಲೇ ಆ ಘಾಟು ಏಳುತ್ತದೆ. ಇಳಿಯುವ ಮುನ್ನ ಸೋಪು ಹಚ್ಚಿ ಮೈ ತೊಳೆದುಕೊಳ್ಳಬೇಕೆಂಬ ನಿಯಮದ ಕಾರಣವೂ ಇದೇ.

ಬೇರೆ ಬೇರೆ ಇಟ್ಟರೆ ಔಷಧಿ, ಬೆರೆತರೆ ವಿಷ

ಈ ಲೇಖನದಲ್ಲಿ ನಾವು ಒತ್ತಿ ಹೇಳಬಯಸುವ ಸಂಗತಿ ಇದು. ಕ್ಲೋರಿನ್ ಪುಡಿಗೆ ಆಮ್ಲ ತಗುಲಿದರೆ ಕ್ಲೋರಿನ್ ಅನಿಲ ಏಳುತ್ತದೆ. ೧೯೧೫ರ ಏಪ್ರಿಲ್ ೨೨ರಂದು ಮೊದಲನೆಯ ಮಹಾಯುದ್ಧದಲ್ಲಿ ಈಪ್ರ ಪಟ್ಟಣದ ಬಳಿ ಸೈನಿಕರ ಮೇಲೆ ಹಾಯಿಸಿದ ವಿಷಾನಿಲ ಇದೇ ಆಗಿತ್ತು. ಪಿಎಚ್ ಇಳಿಸಲು ಬಳಸುವ ಪುಡಿಯೂ ಆಮ್ಲವೇ ಆದುದರಿಂದ ಅದನ್ನೂ ಕ್ಲೋರಿನ್ನನ್ನೂ ಒಂದೇ ಕಪಾಟಿನಲ್ಲಿ ಒತ್ತಟ್ಟಿಗೆ ಇಡಲಾಗದು; ಒಂದರ ಚಮಚವನ್ನು ಇನ್ನೊಂದಕ್ಕೆ ಬಳಸಲಾಗದು. ಎರಡು ಬಗೆಯ ಕ್ಲೋರಿನ್ನುಗಳನ್ನು ಕೂಡ ಬೆರೆಸಕೂಡದು. ಅವು ಉರಿದು ಸಿಡಿಯಬಹುದು.

ಪುಡಿಯನ್ನು ನೀರಿಗೆ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು. ಒಂದನ್ನು ಹಾಕಿ, ಅದು ಬೆರೆತ ಮೇಲೆ ಇನ್ನೊಂದನ್ನು ಹಾಕಬೇಕು. ಆಗ ತೊಟ್ಟಿಯ ಮುಚ್ಚಳ ತೆರೆದಿರಲಿ, ನೀರು ಸುತ್ತುತ್ತಿರಲಿ, ಒಳಗೆ ಯಾರೂ ಇರದಿರಲಿ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಬೇಕು. ಡಬ್ಬಗಳನ್ನು ಒಣ, ತಂಪು ಜಾಗದಲ್ಲಿ ಬೀಗ ಹಾಕಿ ಇಡಬೇಕು. ಬೇರೆ ಶೀಶೆಗೆ ತುಂಬಿಸಿಟ್ಟರೆ ಮೊಮ್ಮಕ್ಕಳ ಕೈಗೆ ವಿಷ ಕೊಟ್ಟಂತೆಯೇ.

ಹಾಟ್ ಟಬ್ ಇಲ್ಲದ ನಮ್ಮ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ. ಬಾವಿ, ಸಂಪುಗಳಿಗೆ ಹಾಕುವ ಬ್ಲೀಚಿಂಗ್ ಪೌಡರು, ಕಕ್ಕಸು ತೊಳೆಯುವ ಆ್ಯಸಿಡ್ಡು—ಇವೆರಡನ್ನೂ ಬಚ್ಚಲಲ್ಲಿ ಒಟ್ಟಿಗೆ ಸುರಿದು ಬಾಗಿಲು ಮುಚ್ಚಿ ಉಜ್ಜಿದರೆ ಅಲ್ಲಿಯೂ ಅದೇ ಅನಿಲ ತುಂಬಿಕೊಳ್ಳುತ್ತದೆ.

ಕೆಮ್ಮು, ಕಣ್ಣುರಿ, ಉಸಿರುಕಟ್ಟು ಕಂಡೊಡನೆ ಬಯಲಿನ ಗಾಳಿಗೆ ಬರಬೇಕು. ಕಣ್ಣಿಗೆ ಬಿದ್ದರೆ ಹದಿನೈದು–ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ನುಂಗಿದವರಿಗೆ ವಾಂತಿ ಮಾಡಿಸಬಾರದು. ಉಸಿರಿನ ತೊಂದರೆ ಗಂಟೆಗಳ ನಂತರವೂ ಉಲ್ಬಣಿಸಬಹುದಾದ್ದರಿಂದ ವೈದ್ಯರಲ್ಲಿಗೆ ಹೋಗಲು ತಡ ಮಾಡಬಾರದು. ತುರ್ತು ಕರೆಗೆ ಅಮೆರಿಕದಲ್ಲಿ ೯೧೧, ನಮ್ಮಲ್ಲಿ ೧೧೨.

ಐದು ವರ್ಷದೊಳಗಿನ ಮಕ್ಕಳನ್ನು ಹಾಟ್ ಟಬ್ಬಿಗೆ ಇಳಿಸಲೇಬಾರದು. ಗರ್ಭಿಣಿಯರೂ ಹೃದ್ರೋಗಿಗಳೂ ವೈದ್ಯರನ್ನು ಕೇಳದೆ ಇಳಿಯಬಾರದು. ಉಳಿದ ಹಿರಿಯರು ಸಂಕೋಚಪಡದೆ ಮಗನನ್ನೋ ಅಳಿಯನನ್ನೋ ಮೊದಲು ಕೇಳಲಿ: "ಇವತ್ತು ಪಟ್ಟಿ ಅದ್ದಿ ನೋಡಿದಿರೇನಪ್ಪ?" ಇಲ್ಲವೆಂಬ ಉತ್ತರ ಬಂದರೆ, ನೀರು ಎಷ್ಟೇ ತಿಳಿಯಾಗಿ ಕಂಡರೂ ಆ ದಿನ ಮನೆಯ ಬಚ್ಚಲ ಸ್ನಾನವೇ ಲೇಸು.