ಎಕ್ಸ್‌ರೇಯಲ್ಲಿ ಗಾಳಿ ಕಂಡರೆ ಹೊಲಿಗೆ ಬಿಚ್ಚಿತೆಂದೇ?

ಮಾವಿನ ವಾಟೆ, ಕಾಲುಚೀಲ, ಆಟದ ಚೆಂಡಿನ ಚೂರು: ನಾಯಿಗಳು ನುಂಗುವ ವಸ್ತುಗಳಿಗೆ ಲೆಕ್ಕವಿಲ್ಲ. ಜಠರ ಕೊಯ್ದು ನುಂಗಿದ್ದನ್ನು ಹೊರತೆಗೆದದ್ದಾಯಿತು, ನಾಯಿ ಎಚ್ಚರಗೊಂಡದ್ದೂ ಆಯಿತು. ಅನೇಕ ಮನೆಗಳಲ್ಲಿ ನಿಜವಾದ ಗಾಬರಿ ಹುಟ್ಟುವುದು ಆಮೇಲೆ ತೆಗೆಸಿದ ಎಕ್ಸ್‌ರೇ, ಸ್ಕ್ಯಾನಿಂಗ್‌ಗಳ ರಿಪೋರ್ಟ್ ಓದಿದಾಗ.

ತಪ್ಪು ಕಲ್ಪನೆ: ಹೊಟ್ಟೆಯೊಳಗೆ ಗಾಳಿ ಕಂಡಿದೆ, ಹೊಲಿಗೆ ಬಿಚ್ಚಿರಬೇಕು.

ಸತ್ಯ: ಆಪರೇಷನ್ ಆಗದ ನಾಯಿಯಲ್ಲಾದರೆ ಈ ಅನುಮಾನ ಸರಿಯೇ. ಜಠರ, ಕರುಳುಗಳ ಹೊರಗೆ ಗಾಳಿ ಇದೆ ಎಂದರೆ ಎಲ್ಲೋ ತೂತಾಗಿದೆ ಎಂದೇ ವೈದ್ಯರು ಮೊದಲು ಯೋಚಿಸುತ್ತಾರೆ. ಆದರೆ ಹೊಟ್ಟೆ ತೆರೆದು ಮುಚ್ಚುವಾಗ ಹೊರಗಿನ ಗಾಳಿ ಒಳಗೆ ಉಳಿದೇ ಉಳಿಯುತ್ತದೆ. ದೇಹ ಅದನ್ನು ನಿಧಾನವಾಗಿ ಹೀರಿಕೊಳ್ಳಬೇಕು. ಅದಕ್ಕೆ ಕೆಲವು ದಿನ ಬೇಕು, ಒಮ್ಮೊಮ್ಮೆ ಎರಡು ಮೂರು ವಾರವೂ ಹಿಡಿಯುತ್ತದೆ. ಅಲ್ಲಿಯವರೆಗೆ ಎಕ್ಸ್‌ರೇಯಲ್ಲಿ ಯಕೃತ್ತಿಗೂ ವಪೆಗೂ ನಡುವೆ ಕಪ್ಪು ಪಟ್ಟಿಯೊಂದು ಕಾಣಬಹುದು. ಹಾಗಾಗಿ ಒಂದೇ ಚಿತ್ರ ನೋಡಿ ತೀರ್ಪು ಕೊಡುವವರನ್ನು ನಾನು ನಂಬುವುದಿಲ್ಲ. ಹಿಂದಿನ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಬೇಕು. ಗಾಳಿ ಇಳಿಯುತ್ತಾ ಬಂದಿದ್ದರೆ ಸಮಾಧಾನ. ಇಳಿದದ್ದು ಮತ್ತೆ ಏರಿದ್ದರೆ ಅದು ಅಪಾಯದ ಸೂಚನೆ.

ತಪ್ಪು ಕಲ್ಪನೆ: ಸ್ಕ್ಯಾನಿಂಗ್‌ನಲ್ಲಿ ನೀರು ಕಂಡರೆ ಸೋಂಕು, ಏನೂ ಕಾಣದಿದ್ದರೆ ಎಲ್ಲ ಸರಿ.

ಸತ್ಯ: ಆಪರೇಷನ್ನಿನ ನಂತರ ಹೊಟ್ಟೆಯಲ್ಲಿ ಸ್ವಲ್ಪ ನೀರು ಸೇರುವುದು ಸಾಮಾನ್ಯ. ಆ ನೀರು ಶುದ್ಧವೋ ಕೀವೋ ಎಂಬುದನ್ನು ಸ್ಕ್ಯಾನಿಂಗ್ ಖಚಿತವಾಗಿ ಹೇಳಲಾರದು. ಸ್ಕ್ಯಾನ್ ನೋಡುತ್ತಲೇ ಸೂಜಿ ಚುಚ್ಚಿ, ಒಂದಷ್ಟು ನೀರು ತೆಗೆದು ಸೂಕ್ಷ್ಮದರ್ಶಕದ ಕೆಳಗಿಡಬೇಕು. ಬಿಳಿ ರಕ್ತಕಣಗಳ ಒಳಗೇ ಬ್ಯಾಕ್ಟೀರಿಯಾ ಕಂಡರೆ ಸೋಂಕು ಖಚಿತ. ಹೊಲಿಗೆ ಸೋರುವುದಿದ್ದರೆ ಸಾಮಾನ್ಯವಾಗಿ 3ರಿಂದ 5ನೇ ದಿನದ ಆಸುಪಾಸಿನಲ್ಲಿ. ಜಠರಕ್ಕೆ ರಕ್ತದ ಪೂರೈಕೆ ಚೆನ್ನಾಗಿರುವುದರಿಂದ ಕರುಳಿನ ಹೊಲಿಗೆಗಿಂತ ಇಲ್ಲಿ ಆ ಭಯ ಕಡಿಮೆ. ಆದರೂ ಆ ದಿನಗಳಲ್ಲಿ ನಾಯಿ ಊಟ ಬಿಟ್ಟು, ಜ್ವರ ಬಂದು, ಹೊಟ್ಟೆ ಮುಟ್ಟಗೊಡದಿದ್ದರೆ ಹಿಂದಿನ ‘ನಾರ್ಮಲ್’ ರಿಪೋರ್ಟ್ ಹಿಡಿದು ಕೂರಬಾರದು.

ಇನ್ನೊಂದು ಎಡವಟ್ಟು ಆಸ್ಪತ್ರೆ ಬದಲಿಸಿದವರಿಗೆ ಆಗುತ್ತದೆ. ಆರೋಗ್ಯವಂತ ಜಠರದ ಗೋಡೆ ಸ್ಕ್ಯಾನಿಂಗ್‌ನಲ್ಲಿ ಪದರ ಪದರವಾಗಿ ಕಾಣುತ್ತದೆ. ಕೊಯ್ದು ಹೊಲಿದ ಜಾಗದಲ್ಲಿ ಅದೇ ಗೋಡೆ ಊದಿ, ಪದರಗಳು ಕಲಸಿಹೋಗಿರುತ್ತವೆ. ಆಪರೇಷನ್ ಆದದ್ದೇ ಗೊತ್ತಿಲ್ಲದ ವೈದ್ಯರಿಗೆ ಅದು ಗಡ್ಡೆಯಂತೆ ಕಂಡರೆ ತಪ್ಪು ಅವರದಲ್ಲ. ಆಪರೇಷನ್ನಿನ ತಾರೀಕು, ಏನು ಮಾಡಿದರು ಎಂಬ ಚೀಟಿ ಎರಡನ್ನೂ ಜೊತೆಗೆ ಒಯ್ಯಿರಿ.

“ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರೆ ಸೋರುವುದು ಗೊತ್ತಾಗುತ್ತದಲ್ಲ” ಎನ್ನುವವರೂ ಇದ್ದಾರೆ. ಗೊತ್ತಾಗುತ್ತದೆ ನಿಜ, ಆದರೆ ಸೋರಿದ ಬೇರಿಯಂ ಹೊಟ್ಟೆಯೊಳಗೆ ಅಂಟಿಕೊಂಡು ಉರಿಯೂತವನ್ನು ಇನ್ನಷ್ಟು ಕೆರಳಿಸುತ್ತದೆ. ಸೋರಿಕೆಯ ಅನುಮಾನವಿದ್ದಲ್ಲಿ ಬಳಸುವುದು ನೀರಿನಲ್ಲಿ ಕರಗುವ ಅಯೋಡಿನ್ ಔಷಧ.

ತಪ್ಪು ಕಲ್ಪನೆ: ಜಠರವನ್ನು ಪಕ್ಕೆಯ ಗೋಡೆಗೆ ಹೊಲಿದಾಗಿದೆ, ಇನ್ನು ಹೊಟ್ಟೆ ಉಬ್ಬಿದರೂ ಎಕ್ಸ್‌ರೇ ಬೇಡ.

ಸತ್ಯ: ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂಥ ಆಳ ಎದೆಯ ನಾಯಿಗಳಲ್ಲಿ ಜಠರ ಗಾಳಿ ತುಂಬಿ ತಿರುಚಿಕೊಳ್ಳುವುದುಂಟು; ಅದಕ್ಕೇ ಈ ಹೊಲಿಗೆ. ಅದು ತಿರುಚುವುದನ್ನು ಬಹುಪಾಲು ತಡೆಯುತ್ತದೆ, ಉಬ್ಬುವುದನ್ನು ತಡೆಯುವುದಿಲ್ಲ. ಉಬ್ಬಿದ್ದು ಮಾತ್ರವೋ, ಅಪರೂಪಕ್ಕೆ ತಿರುಚಿಯೂ ಇದೆಯೋ ಎಂಬುದನ್ನು ಹೊರಗಿನಿಂದ ಮುಟ್ಟಿ ಹೇಳಲಾಗದು. ಬಲ ಮಗ್ಗುಲಿಗೆ ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ತಿರುಚಿದ ಜಠರ ಸಾಮಾನ್ಯವಾಗಿ ನಡುವೆ ಮಡಿಕೆ ಬಿದ್ದು, ಗಾಳಿ ತುಂಬಿದ ಎರಡು ಕೋಣೆಗಳಾಗಿ ಕಾಣುತ್ತದೆ. ನಾಯಿ ಬರೀ ಓಕರಿಸುತ್ತಾ ಏನೂ ಹೊರಬರದಿದ್ದರೆ ಬೆಳಗಾಗಲಿ ಎಂದು ಕಾಯದೆ ಹೊರಡಿ.